ಖಣಿಯ ಆಳವನ್ನು ಅಳೆಯುವವರು ಯಾರು?

ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಬರುವವರು ಒಂದು ಸಂಗತಿಯನ್ನು ಕಾಣದಿರಲಾರರು. ಸಿಂಧನೂರಿನ ಸುತ್ತ ತುಂಗಭದ್ರೆಯ ಕಾಲುವೆಯ ನೀರುಂಡ ಬತ್ತದ ಗದ್ದೆಗಳು. ಅತ್ತ ಮಸ್ಕಿ, ಲಿಂಗಸುಗೂರುಗಳ ಕಡೆಗೆ ಬಂಡೆ, ಗುಡ್ಡ. ಗದ್ದೆಯವರಿಗೆ ಅನ್ನ ಕೊಟ್ಟದ್ದು ನೀರಾದರೆ ನಮ್ಮಂಥವರಿಗೆ ಅನ್ನ ಕೊಟ್ಟದ್ದು ಕಲ್ಲು. ನನ್ನ ತಂದೆ ಕಲ್ಲು ಒಡೆಯುವವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಕಟ್ಟಿದ ಫೀಜು ಸುತ್ತಿಗೆಯ ಏಟಿನಿಂದ ಬಂದದ್ದು. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಕಳೆದ ಬೇಸಿಗೆಯ ರಜೆಯಲ್ಲಿ ನಾನೂ ತಂದೆಯ ಜೊತೆ ಖಣಿಗೆ ಹೋಗುತ್ತಿದ್ದೆ. ಚಿಕ್ಕ ಖಣಿ, ಇಪ್ಪತ್ತು ಮಂದಿ ಕೂಲಿಗಳಿದ್ದಾರು. ಒಂದು ದಿನ ಬೆಳಿಗ್ಗೆ ಮೇಸ್ತ್ರಿ ಬಂದು, “ಇವತ್ತು ತಪಾಸಣಿ ಐತಿ, ಎಲ್ಲಾರೂ ಮನಿಗೆ ನಡೀರಿ” ಎಂದ. ನಾನು ಮಾತ್ರ ಕುತೂಹಲದಿಂದ ಬೇವಿನ ಗಿಡದ ಕೆಳಗೆ ಉಳಿದೆ. ಅಧಿಕಾರಿಗಳು ಜೀಪಿನಿಂದ ಇಳಿದರು. ಎಲ್ಲೆಗಲ್ಲುಗಳನ್ನು ನೋಡಿದರು, ಟೇಪು ಹಿಡಿದು ಉದ್ದ ಅಗಲ ಅಳೆದರು, ಲಾರಿಗಳ ಪರ್ಮಿಟ್ಟುಗಳನ್ನೂ ರಾಜಧನ ಕಟ್ಟಿದ ರಸೀದಿಗಳನ್ನೂ ತಾಳೆ ನೋಡಿದರು, ರುಜು ಹಾಕಿ ಹೊರಟುಹೋದರು. ಅವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ತಮ್ಮ ಪಾಲಿನ ಕೆಲಸವನ್ನು ಚೊಕ್ಕವಾಗಿಯೇ ಮಾಡಿದರು. ಆದರೆ ಆ ಟೇಪು ಖಣಿಯೊಳಕ್ಕೆ ಇಳಿಯಲಿಲ್ಲ. ತಂದೆ ನಿತ್ಯ ನಿಲ್ಲುವ ತಳದಿಂದ ಮೇಲಿನ ಅಂಚು ಎಷ್ಟು ಎತ್ತರ, ಅಲ್ಲಿ ಬಿರುಕುಬಿಟ್ಟಿರುವ ಬಂಡೆ ಇನ್ನೆಷ್ಟು ದಿನ ನಿಂತೀತು ಎಂದು ಯಾರೂ ಕೇಳಲಿಲ್ಲ. ಕೇಳೋಣವೆಂದರೆ ಉತ್ತರ ಬಲ್ಲವರೆಲ್ಲ ಮನೆಗೆ ಹೋಗಿದ್ದರು.

ಸಂಜೆ ತಂದೆ ಕೇಳಿದರು: “ಸಾಹೇಬ್ರು ಏನಂದ್ರೋ ತಮ್ಮಾ?”

“ಎಲ್ಲಾ ಸರಿ ಐತಿ ಅಂದ್ರಪ್ಪ.”

“ಹಂಗಾದ್ರ ನಾಳಿ ಕೂಲಿ ಐತಿ” ಎಂದು ಅವರು ನಿಟ್ಟುಸಿರು ಬಿಟ್ಟರು. ಆ ದಿನದ ಕೂಲಿ ಹೋದುದರ ಮಾತು ಅವರ ಬಾಯಿಂದ ಬರಲಿಲ್ಲ.

ಅಂದಿನಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ತಪಾಸಣೆ ಯಾರಿಗಾಗಿ? ಬೊಕ್ಕಸಕ್ಕಾಗಿಯೋ, ಬಂಡೆಯ ಕೆಳಗೆ ನಿಂತವನಿಗಾಗಿಯೋ?

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಗುತ್ತಿಗೆಗೂ ರಾಜಧನಕ್ಕೂ ೧೯೯೪ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳಿವೆ. ಜಲ್ಲಿ ಯಂತ್ರಗಳಿಗೆ ೨೦೧೧ರ ಕಾಯಿದೆಯಿದೆ. ಐದು ಹೆಕ್ಟೇರಿಗಿಂತ ಚಿಕ್ಕ ಖಣಿಗಳಿಗೂ ಪರಿಸರದ ಅನುಮತಿ ಬೇಕೆಂದು ೨೦೧೨ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ೧೯೫೨ರ ಗಣಿ ಕಾಯಿದೆಯಂತೂ, ಈಗ ೨೦೨೦ರ ಹೊಸ ಸಂಹಿತೆಯಲ್ಲಿ ಸೇರಿಹೋಗಿದ್ದರೂ, ಒಂದು ಸ್ಪಷ್ಟವಾದ ಗೆರೆಯನ್ನು ಎಳೆದಿತ್ತು: ಕಟ್ಟಡದ ಕಲ್ಲು ತೆಗೆಯುವ ತೆರೆದ ಖಣಿಯ ಆಳ ಆರು ಮೀಟರು ದಾಟಿದರೆ, ಅಥವಾ ಕೂಲಿಗಳು ಐವತ್ತು ಮೀರಿದರೆ, ಅಥವಾ ಸಿಡಿಮದ್ದು ಬಳಸಿದರೆ, ‘ಚಿಕ್ಕ ಖಣಿ’ ಎಂಬ ವಿನಾಯಿತಿ ಇಲ್ಲ. ಅಂದರೆ ಆಳವೆಂಬುದು ಕೂಲಿಯವನ ಅಂಜಿಕೆ ಮಾತ್ರವಲ್ಲ, ಶಾಸನವೇ ಲೆಕ್ಕಕ್ಕೆ ಹಿಡಿದ ಅಳತೆ.

ತೊಡಕಿರುವುದು ಬೇರೆ ಕಡೆ. ಗುತ್ತಿಗೆ ನೋಡುವುದು ಗಣಿ ಮತ್ತು ಭೂವಿಜ್ಞಾನ ಇಲಾಖೆ. ಧೂಳು ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕಾರ್ಮಿಕರ ಸುರಕ್ಷತೆ ನೋಡುವುದು ಧನಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಸಿಡಿಮದ್ದಿಗೆ ಮತ್ತೊಂದು ಪರವಾನಗಿ. ಒಬ್ಬೊಬ್ಬರೂ ತಮ್ಮ ಪಾಲಿನ ಕಾಗದ ನೋಡಿ ಹೋದರೆ ಯಾರ ಕಾಗದದಲ್ಲಿಯೂ ಇಲ್ಲದವನು ಕೂಲಿಯವನು. ಬಂಡೆ ಕೊರೆಯುವಾಗ ಏಳುವ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ; ಅದನ್ನು ಗುಣಪಡಿಸುವ ಔಷಧವಿಲ್ಲ. ಕೊರೆಯುವಲ್ಲಿ ನೀರು ಬಿಟ್ಟರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಅಷ್ಟು ನೀರು ಅಲ್ಲಿ ಇದೆಯೇ ಎಂದು ನೋಡಲು ಎಷ್ಟು ಹೊತ್ತು ಬೇಕು?

ಹಾಗಾದರೆ ಎಲ್ಲ ಖಣಿಗಳನ್ನೂ ಮುಚ್ಚಿಬಿಡಿ ಎಂದು ಪೇಟೆಯ ಗೆಳೆಯರು ಹೇಳುವುದುಂಟು. ಆ ಮಾತು ಸುಲಭ. ಖಣಿ ಮುಚ್ಚಿದ ಮರುದಿನ ಯಜಮಾನನ ಮನೆಯ ಒಲೆ ಆರುವುದಿಲ್ಲ, ನಮ್ಮ ಮನೆಯ ಒಲೆ ಆರುತ್ತದೆ. ಅಲ್ಲದೆ ಬರಿಯ ಭಯ ಹುಟ್ಟಿಸುವ ತಪಾಸಣೆಯಿಂದ ಅಪಾಯ ತಪ್ಪುವುದಿಲ್ಲ; ಅಡಗಿ ಕೂರುತ್ತದೆ. ೨೦೨೧ರ ಜನವರಿ ೨೧ರಂದು ಶಿವಮೊಗ್ಗದ ಹುಣಸೋಡಿನಲ್ಲಿ ಸಿಡಿಮದ್ದು ತುಂಬಿದ ವಾಹನ ಸ್ಫೋಟಿಸಿ ನೆರೆಯ ಜಿಲ್ಲೆಗಳ ನೆಲವೂ ನಡುಗಿತು. ಒಂದು ತಿಂಗಳ ಬಳಿಕ, ಫೆಬ್ರವರಿ ೨೩ರಂದು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಪ್ರಾಣ ಕಳೆದುಕೊಂಡರು. ಪೊಲೀಸರ ಶೋಧಕ್ಕೆ ಹೆದರಿ ಅದನ್ನು ಸಾಗಹಾಕಲು ಹೋದಾಗ ಈ ಅನಾಹುತವಾಯಿತೆಂದು ಆಗ ಪತ್ರಿಕೆಗಳು ಬರೆದಿದ್ದವು.

ಆದ್ದರಿಂದ ನನ್ನ ಅಲ್ಪಮತಿಗೆ ತೋಚುವುದಿಷ್ಟು. ತಪಾಸಣೆಯ ದಿನ ಕೂಲಿಗಳು ಖಣಿಯಲ್ಲಿಯೇ ಇರಬೇಕು. ಅಂದಿನ ಕೂಲಿ ಅವರಿಗೆ ಸಲ್ಲಬೇಕು. ಯಜಮಾನನ ಮರೆಯಲ್ಲಿ ಅವರ ಮಾತನ್ನು ಕೇಳಬೇಕು. ಟೇಪು ಕೆಳಕ್ಕೂ ಇಳಿಯಬೇಕು. ಕೊರತೆ ಕಂಡರೆ ಬರೆದುಕೊಟ್ಟು, ಗಡುವು ಹಾಕಿ, ಮತ್ತೆ ಬಂದು ನೋಡಬೇಕು. ಕುಸಿಯುವಂತಿರುವ ಭಾಗದ ಕೆಲಸವನ್ನಷ್ಟೇ ಕೂಡಲೇ ನಿಲ್ಲಿಸಬೇಕು.

ಇನ್ನೊಂದು ಮಾತು. ನಮ್ಮ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ೧೯೧೫ರಲ್ಲಿ ಅದು ಬೆಳಕಿಗೆ ಬಂದಾಗ ‘ದೇವಾನಾಂಪ್ರಿಯ’ನೆಂಬುವನು ಅಶೋಕನೇ ಎಂದು ಲೋಕಕ್ಕೆ ತಿಳಿಯಿತು. ಇದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಹೇಳಿದ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕೆಂಬ ಆಶಯ ಅದರಲ್ಲಿರುವುದನ್ನು ಮರೆಯುತ್ತೇವೆ. ಅರಸನೊಬ್ಬ ತನ್ನ ಮಾತನ್ನು ಬಯಲಿನ ಬಂಡೆಯ ಮೇಲೆ ಕೆತ್ತಿಸಿದ. ಅದೇ ಸೀಮೆಯಲ್ಲಿ ಇಂದು ಬಂಡೆ ಒಡೆಯುವವನ ಜೀವ ಕಾಯುವ ಷರತ್ತುಗಳು ಯಜಮಾನನ ಪೆಟ್ಟಿಗೆಯೊಳಗಿವೆ! ಅವನ್ನು ತಿಳಿಗನ್ನಡದಲ್ಲಿ ಬರೆಸಿ ಖಣಿಯ ಬಾಯಲ್ಲಿ ಒಂದು ಹಲಗೆ ನಿಲ್ಲಿಸಲು ಎಷ್ಟು ಖರ್ಚಾದೀತು?

ಸಹಪಾಠಿಗಳೇ, ನಮ್ಮಲ್ಲಿ ಕೆಲವರಾದರೂ ನಾಳೆ ಸರ್ಕಾರಿ ಕೆಲಸಕ್ಕೆ ಸೇರುವವರೇ. ಅಂಥ ಜೀಪಿನಿಂದ ನೀವು ಇಳಿದ ದಿನ ರಸೀದಿಗಳನ್ನು ಅಗತ್ಯವಾಗಿ ನೋಡಿರಿ. ಆಮೇಲೆ ನಾಲ್ಕು ಹೆಜ್ಜೆ ಮುಂದೆ ಬಂದು ಕೆಳಗೆ ಬಗ್ಗಿ ನೋಡಿರಿ. ಅಲ್ಲಿ ಯಾರೋ ಒಬ್ಬ ವಿದ್ಯಾರ್ಥಿಯ ತಂದೆ ನಿಂತಿರುತ್ತಾರೆ.