ಎತ್ತಿಗೊಂದು ಆರೋಗ್ಯ ಪತ್ರ

ಮನುಷ್ಯನು ಊರಿಂದ ಊರಿಗೆ ಹೋಗುವಾಗ ಅವನನ್ನು ಕೇಳುವವರಿಲ್ಲ. ಅವನ ಎತ್ತು ಹೋಗುವಾಗ ಮಾತ್ರ ವೈದ್ಯರ ಸಹಿಯುಳ್ಳ ಕಾಗದ ಬೇಕು. ಈ ಮಾತು ಕೇಳಿ ನಮ್ಮ ಕಡೆಯ ಹಿರಿಯರು ನಗುತ್ತಾರೆ. ಇದು ನಗುವ ವಿಷಯವಲ್ಲವೆಂದೂ, ಆದರೆ ಆ ಕಾಗದ ಈಗ ನಡೆಯುತ್ತಿರುವ ರೀತಿಯೂ ಸರಿಯಲ್ಲವೆಂದೂ ವಾಚಕರಲ್ಲಿ ಬಿನ್ನವಿಸುವುದೇ ಈ ಚಿಕ್ಕ ಲೇಖನದ ಉದ್ದೇಶ.

ಮೊದಲು ಕಾನೂನು ಏನೆನ್ನುತ್ತದೆ ಎಂಬುದನ್ನು ನೋಡೋಣ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಕಾಯಿದೆಯ ಅಡಿಯಲ್ಲಿ 1978ರಲ್ಲಿ ಸಾಗಣೆಯ ನಿಯಮಗಳು ಬಂದವು. ನಾಯಿ ಬೆಕ್ಕುಗಳಾಗಲಿ ದನಗಳಾಗಲಿ, ರೈಲಿನಲ್ಲಿಯೋ ವಾಹನದಲ್ಲಿಯೋ ಹೋಗಬೇಕಾದರೆ, ಅವು ಪ್ರಯಾಣಕ್ಕೆ ಯೋಗ್ಯವಾಗಿವೆ, ಅಂಟುರೋಗದಿಂದ ಮುಕ್ತವಾಗಿವೆ ಎಂಬ ಪಶುವೈದ್ಯರ ಪತ್ರ ಜೊತೆಯಲ್ಲಿರಬೇಕು. 2001ರ ನಿಯಮಗಳ ಪ್ರಕಾರ, ದನಗಳನ್ನು ನಡೆಸಿಕೊಂಡು ಸಾಗಿಸುವಾಗಲೂ ದಾರಿ ಐದು ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಪತ್ರ ಬೇಕು. ರೋಗ ಹರಡಿದ ಪ್ರದೇಶದಿಂದ ದನಗಳ ಓಡಾಟವನ್ನೇ ನಿಲ್ಲಿಸುವ ಅಧಿಕಾರವನ್ನು 2009ರ ಕಾಯಿದೆ ಸರಕಾರಕ್ಕೆ ಕೊಟ್ಟಿದೆ.

ನಮ್ಮ ಅಕ್ಕೋಳದಂಥ ಊರಿಗೆ ಐದು ಕಿಲೋಮೀಟರ್ ಒಂದು ದೂರವೇ? ನಿಪ್ಪಾಣಿ ದಾಟಿ ಹೆದ್ದಾರಿ ಹಿಡಿದರೆ ಕೊಗನೊಳ್ಳಿ, ಅದರಾಚೆ ಮಹಾರಾಷ್ಟ್ರ. ನಮ್ಮವರ ಬೀಗತನ ಆಚೆಗಿದೆ, ದನದ ವ್ಯಾಪಾರವೂ ಆಚೆಗಿದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಆಚೆಯ ಕುಟುಂಬಗಳು ಎತ್ತು, ನಾಯಿಗಳ ಸಮೇತ ಈಚೆ ಬಂದು ಬಿಡಾರ ಹೂಡುತ್ತವೆ. ಕುರುಬರ ಕುರಿಹಿಂಡುಗಳು ಮೇವಿದ್ದತ್ತ ನಡೆಯುತ್ತವೆ. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ವೇಳೆಗೆ ಎರಡೂ ರಾಜ್ಯಗಳ ಚಕ್ಕಡಿಗಳು ಸಾಲುಗಟ್ಟಿ ಬರುತ್ತವೆ. ಇಲ್ಲಿ ಗಡಿಯೆಂಬುದು ನಕಾಶೆಯಲ್ಲಿದೆಯೇ ಹೊರತು ದನದ ದಾರಿಯಲ್ಲಿಲ್ಲ.

ರೋಗಕ್ಕೂ ಗಡಿಯಿಲ್ಲವೆಂಬುದನ್ನು 2022ರಲ್ಲಿ ಕಣ್ಣಾರೆ ಕಂಡೆವು. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿದ್ದ ಚರ್ಮಗಂಟು ರೋಗವು ಆ ವರ್ಷ ಗುಜರಾತ, ರಾಜಸ್ಥಾನಗಳನ್ನು ನಡುಗಿಸಿ, ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ ಜಿಲ್ಲೆಗೂ ಬಂತು. ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹತ್ತಿರದ ದನಕ್ಕೆ ದಾಟಿಸುತ್ತವೆ. ದೂರದ ಊರಿಗೆ ಮುಟ್ಟಿಸುವವರು ದನ ಸಾಗಿಸುವ ನಾವೇ. ಹಲವೆಡೆ ದನದ ಸಂತೆಗಳು ನಿಂತವು. ಆಡಿನ ಸಿಡುಬಿಗೆಂದಿದ್ದ ಲಸಿಕೆಯನ್ನೇ ದನಗಳಿಗೆ ಹಾಕಿದರು. ಸಾಲ ಮಾಡಿ ತಂದ ಎತ್ತು ಸತ್ತರೆ ಆ ಮನೆಯ ಒಂದು ವರ್ಷದ ಬೇಸಾಯವೇ ಸತ್ತಂತೆ. ಮಗಳ ಕಾಲೇಜು ಶುಲ್ಕವೂ ಅದರೊಡನೆ ಹೋದಂತೆ. ಆದ್ದರಿಂದ ಪತ್ರ ಬೇಡವೆನ್ನುವವರ ಪಕ್ಷ ನನ್ನದಲ್ಲ.

ಆದರೆ ಪತ್ರ ಬರೆಯುವವರು ಎಲ್ಲಿದ್ದಾರೆ? ಪಶುವೈದ್ಯರೊಬ್ಬರು ಅನೇಕ ಊರುಗಳನ್ನು ನೋಡಬೇಕು. ಅವರನ್ನು ಕಾಯುವುದೆಂದರೆ ಬಡವನಿಗೆ ಒಂದು ದಿನದ ಕೂಲಿ ಹೋಯಿತು. ಆಗ ಇಬ್ಬರಿಗೂ ಸುಲಭವಾದ ದಾರಿ ಒಂದೇ: ದನ ನೋಡದೆ ಸಹಿ ಹಾಕುವುದು. ಎತ್ತು ಈದೈತಿ ಅಂದರೆ ಕೊಟ್ಟಿಗ್ಯಾಗ ಕಟ್ಟು ಅಂದಂತೆ! ನಿಜವಾಗಿ ನೋಡಿ ಕೊಟ್ಟ ಪತ್ರವೂ ಎಲ್ಲವನ್ನೂ ಹೇಳಲಾರದು. ಸೋಂಕು ಮೈಹೊಕ್ಕು ಗಂಟಾಗಿ ಕಾಣಿಸಲು ದಿನಗಳೇ ಬೇಕು. ಇನ್ನು ನಿಯಮದ ಒಕ್ಕಣೆ ನೋಡಿರಿ. ದನಗಳಿಗೆ ದೊಡ್ಡರೋಗದ ಲಸಿಕೆಯಾಗಿರಬೇಕೆಂದು 1978ರಲ್ಲಿ ಬರೆದರು. ಆ ರೋಗ ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಸಾರಲಾಯಿತು. ರೋಗಗಳು ಬದಲಾಗುತ್ತವೆ; ಕಾಗದವೂ ಅವುಗಳ ಜೊತೆ ನಡೆಯಬೇಡವೇ?

ಭಾರತದಿಂದ ಯುರೋಪಿಗೆ ಸಾಕುನಾಯಿಯನ್ನು ಒಯ್ಯುವವರ ಪಾಡನ್ನು ಕೇಳಿರಿ. ಅದರ ಚರ್ಮದಡಿ ಗುರುತಿನ ಚಿಪ್ ಇಡಬೇಕು. ಆಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಮೂವತ್ತು ದಿನ ಕಳೆದ ಮೇಲೆ ರಕ್ತಪರೀಕ್ಷೆ. ಅಲ್ಲಿಂದ ಮೂರು ತಿಂಗಳು ಕಾಯುವುದು. ಇಷ್ಟು ಬಿಗಿ ನಮ್ಮ ಎತ್ತಿಗೆ ಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿಯ ಒಂದು ತತ್ವ ಮಾತ್ರ ನಮಗೂ ಬೇಕು: ಅಲ್ಲಿ ಪತ್ರವು ಮಾಲಿಕನ ಕಿಸೆಗಲ್ಲ, ಪ್ರಾಣಿಯ ಮೈಗೆ ಅಂಟಿಕೊಂಡಿದೆ. ಇದಕ್ಕೆ ಬೇಕಾದ ಸಾಧನ ನಮ್ಮ ಕೊಟ್ಟಿಗೆಯಲ್ಲಿಯೂ ಉಂಟು. ದನಗಳ ಕಿವಿಯಲ್ಲಿ ತೂಗುವ ಹಳದಿ ಬಿಲ್ಲೆಯ ಮೇಲೆ ಹನ್ನೆರಡು ಅಂಕಿಗಳಿವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಲಸಿಕೆಯನ್ನು ಆ ಅಂಕಿಯ ಮೇಲೆಯೇ ದಾಖಲಿಸುತ್ತಾರೆ. ಆ ಅಂಕಿ ನೋಡಿ ಲಸಿಕೆಯ ವಿವರ ಹೇಳುವ ವ್ಯವಸ್ಥೆ ಸಂತೆಯ ಬಾಗಿಲಿನಲ್ಲಿಯೂ ಗಡಿಯ ನಾಕೆಯಲ್ಲಿಯೂ ಇರಲಿ. ಲಸಿಕೆಯ ಬಲ ಮೈಗೂಡಲು ಎರಡು ಮೂರು ವಾರ ಬೇಕಾದ್ದರಿಂದ, ಜಾತ್ರೆಗೆ ಒಂದು ತಿಂಗಳು ಮೊದಲೇ ವೈದ್ಯರು ಊರೂರಿಗೆ ಬರಲಿ. ಪತ್ರವು ಕನ್ನಡ, ಮರಾಠಿ ಎರಡರಲ್ಲಿಯೂ ಇರಲಿ. ಒಯ್ಯುವವನಿಗೆ ಓದಲು ಬಾರದ ಕಾಗದ ಅವನನ್ನು ಅಂಜಿಸುವುದಲ್ಲದೆ ಎಚ್ಚರಿಸಲಾರದು.

ಇದರಲ್ಲಿ ನಮ್ಮ ಪಾಲೂ ಇದೆ, ಗೆಳೆಯ ಗೆಳತಿಯರೇ. ನಮ್ಮ ಮನೆಯಲ್ಲಿ ಸರಕಾರದ ನಮೂನೆಯನ್ನು ಓದಬಲ್ಲವಳು ನಾನೊಬ್ಬಳೇ. ನಿಮ್ಮಲ್ಲಿಯೂ ಅನೇಕರ ಮನೆಯ ಸ್ಥಿತಿ ಇದೇ. ಲಸಿಕೆಯ ದಿನ ಊರಲ್ಲಿದ್ದು, ಬಿಲ್ಲೆಯ ಅಂಕಿ ಬರೆದುಕೊಟ್ಟು, ಪತ್ರದಲ್ಲಿ ಏನಿದೆಯೆಂದು ನಾಲ್ಕು ಮನೆಯವರಿಗೆ ಓದಿ ಹೇಳಿದರೆ ಸಾಕು. ಪದವಿಗೆ ನಾವು ಓದಿದ್ದರಲ್ಲಿ ಊರಿಗೆ ಮೊದಲು ಒದಗುವುದು ಇಷ್ಟೇ ಇರಬಹುದು. ಅದನ್ನಾದರೂ ಬರುವ ಜಾತ್ರೆಗೆ ಮುಂಚೆ ಮಾಡೋಣ.