ಮನೆವಾರ್ತೆ: ಮನೆಯ ವಿಮೆಯೂ ಮನೆಯ ವಾದ್ಯಗಳೂ

ಮನೆಗೆ ವಿಮೆ ಮಾಡಿಸತಕ್ಕ ಅಭ್ಯಾಸವು ನಮ್ಮ ಗೃಹಸ್ಥರಲ್ಲಿ ಈಗೀಗ ಬೇರೂರುತ್ತಿದೆ. ಸಾಲ ಕೊಟ್ಟ ಬ್ಯಾಂಕಿನವರ ಒತ್ತಾಯದಿಂದಲಾದರೂ ಅನೇಕರ ಪೆಟ್ಟಿಗೆಯಲ್ಲಿ ಒಂದು ವಿಮಾಪತ್ರವಿರುತ್ತದೆ. ಆದರೆ ಅದರಲ್ಲಿ ಏನು ಬರೆದಿದೆಯೆಂಬುದನ್ನು ಓದಿದವರು ವಿರಳ. ಗೋಡೆ ಸೂರುಗಳ ವಿಚಾರ ಹಾಗಿರಲಿ. ಮನೆಯ ಮೂಲೆಯಲ್ಲಿ ಮುಸುಕು ಹೊದ್ದು ಕುಳಿತಿರುವ ವೀಣೆ, ಹಾರ್ಮೋನಿಯಂ, ತಬಲ, ಮೃದಂಗಗಳಿಗೆ ಆ ಪತ್ರದ ಆಶ್ರಯವು ಎಷ್ಟರಮಟ್ಟಿಗೆ ಉಂಟೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ವಾಚಕರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಈ ಕಡೆಯ ಹಳ್ಳಿಗಳಲ್ಲಿ ಭಜನೆಯೂ ಪೌರಾಣಿಕ ನಾಟಕವೂ ಬಳಕೆಯಲ್ಲಿವೆ. ನಾಟಕ ಕಲಿಸುವ ಮೇಷ್ಟ್ರ ಹಾರ್ಮೋನಿಯಂ ಊರಿಂದೂರಿಗೆ ತಿರುಗುತ್ತದೆ. ನಾಗಸ್ವರ, ಡೋಲು, ಬ್ಯಾಂಡುಗಳು ಮದುವೆಯಿಂದ ಜಾತ್ರೆಗೆ, ಜಾತ್ರೆಯಿಂದ ಉತ್ಸವಕ್ಕೆ ಹೋಗುತ್ತವೆ. ವಾದ್ಯವು ಒಂದು ಕುಟುಂಬಕ್ಕೆ ಹಿರಿಯರ ನೆನಪಾದರೆ ಮತ್ತೊಂದು ಕುಟುಂಬಕ್ಕೆ ಅನ್ನ.

ಅಪಾಯಗಳೂ ಇಲ್ಲಿ ಕಡಮೆಯಲ್ಲ. ಕಾವೇರಿಯ ಪ್ರವಾಹಕ್ಕೆ ಮತ್ತೆ ಮತ್ತೆ ಸಿಕ್ಕಿದ ಯಡತೊರೆಯ ಜನರಿಗಾಗಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೃಷ್ಣರಾಜನಗರವೆಂಬ ಹೊಸ ಊರನ್ನು ಕಟ್ಟಬೇಕಾಯಿತು. 2019ರ ಆಗಸ್ಟ್ ತಿಂಗಳಲ್ಲಿ ಲಕ್ಷ್ಮಣತೀರ್ಥವೂ ಕಬಿನಿಯೂ ದಡ ಮೀರಿ ಹರಿದುದು ನಮ್ಮ ಕಣ್ಣ ಮುಂದಿನ ಸಂಗತಿ. ಇನ್ನು ಹೊಗೆಸೊಪ್ಪಿನ ಸೀಮೆಯಾದ ಈ ತಾಲ್ಲೂಕುಗಳಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್ನುಗಳು ದಿನಗಟ್ಟಲೆ ಹಗಲಿರುಳು ಉರಿಯುತ್ತವೆ. ಮನೆಗೆ ಹೊಂದಿಕೊಂಡು ಬ್ಯಾರನ್ ಇರುವವರು ವಿಮೆಯ ಅರ್ಜಿಯಲ್ಲಿ ಆ ಸಂಗತಿಯನ್ನು ಮುಚ್ಚಿಡದೆ ತಿಳಿಸತಕ್ಕದ್ದು. ಮುಚ್ಚಿಟ್ಟ ಸಂಗತಿಯು ಪರಿಹಾರ ಕೇಳುವ ದಿನ ತಾನಾಗಿ ಹೊರಬೀಳುತ್ತದೆ.

ಈಗ ವಿಮಾಪತ್ರವನ್ನು ಬಿಚ್ಚಿ ನೋಡೋಣ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಆಜ್ಞೆಯಂತೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪತ್ರವು ದೇಶದಲ್ಲೆಲ್ಲ ಬಳಕೆಗೆ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಭೆ ಮೊದಲಾದುವುಗಳಿಂದಾಗುವ ನಷ್ಟವನ್ನು ಅದು ತುಂಬಿಕೊಡುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದಲ್ಲಿ ನೂರಕ್ಕೆ 20ರಂತೆ, 10 ಲಕ್ಷ ರೂಪಾಯಿ ಮೀರದಂತೆ, ಮನೆಯೊಳಗಿನ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಹೆಚ್ಚಿನ ಮೊತ್ತ ಬೇಕಾದವರು ಪ್ರತ್ಯೇಕವಾಗಿ ಬರೆಯಿಸಿಕೊಳ್ಳಬಹುದು.

ಇಷ್ಟು ಓದಿದವರು, ನಮ್ಮ ವೀಣೆಯೂ ಸಾಮಾನೇ ಅಲ್ಲವೇ, ಇನ್ನೇನು ಚಿಂತೆ ಎಂದು ಪತ್ರವನ್ನು ಮಡಿಸಿಡುತ್ತಾರೆ. ಅಲ್ಲಿಯೇ ಎಚ್ಚರ ಬೇಕು. ಸಾಮಾನುಗಳೆಂದರೆ ಪೀಠೋಪಕರಣ, ವಿದ್ಯುತ್ ಉಪಕರಣ, ಅಡಿಗೆಯ ಸಲಕರಣೆ, ಬಟ್ಟೆಬರೆ ಮತ್ತು ಅಂತಹ ಗೃಹೋಪಯೋಗಿ ವಸ್ತುಗಳೆಂದು ಪತ್ರವು ಹೇಳುತ್ತದೆ. ವಾದ್ಯದ ಹೆಸರು ಅಲ್ಲಿಲ್ಲ. ಮಕ್ಕಳು ಪಾಠ ಕಲಿಯುವ ಶ್ರುತಿಪೆಟ್ಟಿಗೆಯನ್ನು ಗೃಹೋಪಯೋಗಿ ಎನ್ನಲು ಅಡ್ಡಿಯಿಲ್ಲ. ಆದರೆ ಸಂಭಾವನೆಗಾಗಿ ನುಡಿಸುವವರ ವಾದ್ಯವು ವೃತ್ತಿಯ ಸಲಕರಣೆಯೆಂದು ಕಂಪನಿಯವರು ವಾದಿಸಲು ಎಡೆಯುಂಟು. ಆದುದರಿಂದ ವಾದ್ಯದಿಂದ ಜೀವನ ಸಾಗಿಸುವವರು ಆ ಸಂಗತಿಯನ್ನು ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಲೇಸು.

ಎರಡನೆಯದು ಕಳವಿನ ವಿಚಾರ. ಮನೆಯ ವಿಮೆಯೆಂದರೆ ಕಳ್ಳತನಕ್ಕೂ ರಕ್ಷಣೆಯೆಂದು ಬಹು ಜನರು ನಂಬಿರುತ್ತಾರೆ. ಈ ಮಾದರಿ ಪತ್ರದಲ್ಲಿ ಹಾಗಿಲ್ಲ. ಬೆಂಕಿಯೋ ನೆರೆಯೋ ಬಂದು, ಅದರ ಕಾರಣದಿಂದ 7 ದಿನಗಳೊಳಗೆ ಕಳವಾದರೆ ಮಾತ್ರ ಪರಿಹಾರವುಂಟು. ಉಳಿದ ದಿನಗಳಲ್ಲಿ ಬೀಗ ಮುರಿದು ಹಾರ್ಮೋನಿಯಂ ಹೊತ್ತೊಯ್ದರೆ ಈ ಪತ್ರದಿಂದ ಕಾಸೂ ದೊರೆಯದು. ಕಳವಿಗೆ ಬೇರೆ ವಿಮೆಯನ್ನು ಸೇರಿಸಿಕೊಳ್ಳಬೇಕು.

ಮೂರನೆಯದು, ನಮ್ಮ ಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು: ಈ ರಕ್ಷಣೆಯು ಮನೆಯ ಹೊಸಲಿನೊಳಗೆ ಮಾತ್ರ. ಚುಂಚನಕಟ್ಟೆಯ ಜಾತ್ರೆಗೆ ಹೊರಟ ಡೋಲು ಬಸ್ಸಿನ ಮೇಲಿಂದ ಬಿದ್ದರೆ, ನಾಟಕದ ಚಪ್ಪರಕ್ಕೆ ಬೆಂಕಿ ಬಿದ್ದು ಹಾರ್ಮೋನಿಯಂ ಸುಟ್ಟರೆ, ಮನೆಯ ಪತ್ರವು ಬಾಯಿ ಬಿಡುವುದಿಲ್ಲ. ತಿರುಗುವ ವಾದ್ಯಕ್ಕೆ 'ಆಲ್ ರಿಸ್ಕ್' ಎಂದು ಕರೆಯುವ ವಿಮೆಯುಂಟು. ಗೃಹಸ್ಥರಿಗಾಗಿ ಹಲವು ಭಾಗಗಳನ್ನು ಕೂಡಿಸಿ ಕೊಡುವ ಪತ್ರಗಳಲ್ಲಿ ಇದೂ ಒಂದು ಭಾಗವಾಗಿರುತ್ತದೆ. ಅಲ್ಲಿ ವಾದ್ಯದ ಹೆಸರು, ಗುರುತು, ಬೆಲೆಗಳನ್ನು ಒಂದೊಂದಾಗಿ ಬರೆಯಿಸಬೇಕು. ಯಾವ ಯಾವ ಸ್ಥಳಕ್ಕೆ ಅನ್ವಯಿಸುತ್ತದೆ, ನಿಲ್ಲಿಸಿದ ಗಾಡಿಯಿಂದ ಕಳವಾದರೆ ಏನು ಎಂಬುದನ್ನು ಕೇಳಿ ತಿಳಿಯಬೇಕು.

ಬೆಲೆಯನ್ನು ಬರೆಯಿಸುವಾಗ ಕಂತು ಉಳಿಯಲೆಂದು ಇಳಿಸಿ ಹೇಳುವುದು ಜಾಣತನವಲ್ಲ. ಭಾರತ್ ಗೃಹ ರಕ್ಷಾ ಪತ್ರದಲ್ಲಿ ಈ ಕಾರಣಕ್ಕಾಗಿ ಪರಿಹಾರವನ್ನು ತಗ್ಗಿಸುವುದಿಲ್ಲವಾದರೂ ಇತರ ಪತ್ರಗಳಲ್ಲಿ ತಗ್ಗಿಸುವ ಕರಾರು ಇರುವುದುಂಟು. 40,000 ರೂಪಾಯಿ ಬೆಲೆಯ ಹಾರ್ಮೋನಿಯಮ್ಮಿಗೆ 20,000 ಎಂದು ಬರೆಯಿಸಿದ್ದು, 10,000 ರೂಪಾಯಿಯ ಹಾನಿಯಾಯಿತೆಂದು ಭಾವಿಸೋಣ. ಅರ್ಧ ಬೆಲೆಗೆ ವಿಮೆ, ಆದುದರಿಂದ ಅರ್ಧ ಪರಿಹಾರ: ಕೈಗೆ ಬರುವುದು 5,000 ಮಾತ್ರ.

ಹಳೆಯ ವೀಣೆಯ ಮಾತೇ ಬೇರೆ. ಅಜ್ಜಿಯ ಕಾಲದ ವೀಣೆಗೆ ರಸೀತಿ ಎಲ್ಲಿಂದ ಬರಬೇಕು? ಪ್ರಾಚೀನ ವಸ್ತುಗಳಿಗೂ ಕಲಾಕೃತಿಗಳಿಗೂ ಒಪ್ಪಿದ ಬೆಲೆಯ ಮೇಲೆ ಪ್ರತ್ಯೇಕ ರಕ್ಷಣೆ ಪಡೆಯಲು ಅವಕಾಶವುಂಟು. ಬೆಲೆ ಕಟ್ಟಬಲ್ಲವರ ಪ್ರಮಾಣಪತ್ರವನ್ನು ಕೇಳುವುದೂ ಉಂಟು. ವೀಣೆಯಲ್ಲಿ ಆನೆಯ ದಂತದ ಕೆತ್ತನೆಯಿದ್ದರೆ ಇನ್ನೊಂದು ತೊಡಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮುಂದಿನ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಷೇಧಿಸಿವೆ. ಅಂಥ ವಸ್ತುವಿನ ಒಡೆತನದ ಪ್ರಮಾಣಪತ್ರವು ಮನೆಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಯಾವ ವಿಮೆಯೂ ತುಂಬಿಕೊಡದ ನಷ್ಟಗಳೂ ಇವೆಯೆಂಬುದನ್ನು ಗೃಹಿಣಿಯರು ಮರೆಯಬಾರದು. ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿಯುವುದು, ಮರಕ್ಕೆ ಗೆದ್ದಲು ಹತ್ತುವುದು, ಮಳೆಗಾಲದ ತೇವಕ್ಕೆ ಮೃದಂಗದ ಚರ್ಮ ಸಡಿಲಾಗುವುದು, ಬಿಸಿಲಿಗೆ ವೀಣೆಯ ಮೇಣ ಕರಗಿ ಮೆಟ್ಟಿಲು ಜರುಗುವುದು, ಇವೆಲ್ಲ ಸವೆತದ ಲೆಕ್ಕ. ಕೀಬೋರ್ಡು, ಆಂಪ್ಲಿಫೈಯರುಗಳು ತಮ್ಮೊಳಗಿನ ವಿದ್ಯುತ್ ದೋಷದಿಂದಲೇ ಸುಟ್ಟರೆ ಅದಕ್ಕೂ ಸಾಮಾನ್ಯವಾಗಿ ಪರಿಹಾರವಿಲ್ಲ. ಇವಕ್ಕೆ ಒಣ ಬಟ್ಟೆ, ಗಟ್ಟಿ ಪೆಟ್ಟಿಗೆ, ಗುಂಡಿ ಆರಿಸುವ ಅಭ್ಯಾಸ, ಇವೇ ವಿಮೆ.

ಭಜನ ಮಂಡಲಿಯ ವಾದ್ಯಗಳನ್ನು ತಮ್ಮ ಮನೆಯಲ್ಲಿರಿಸಿಕೊಂಡ ಕಾರ್ಯದರ್ಶಿಗಳಿಗೆ ಒಂದು ಮಾತು. ನಿಮ್ಮ ಮನೆಯ ವಿಮೆಯು ನಿಮ್ಮ ಸೊತ್ತಿನ ನಷ್ಟಕ್ಕಾಗಿ ಇರುವುದು. ಹತ್ತು ಮನೆಯವರು ಚಂದಾ ಎತ್ತಿ ಕೊಂಡ ಹಾರ್ಮೋನಿಯಂ ನಿಮ್ಮ ಮನೆಯಲ್ಲಿ ಸುಟ್ಟರೆ, ಹಣವೂ ಬಾರದೆ ಊರಿನ ಮಾತಿಗೂ ಗುರಿಯಾಗುವಿರಿ. ಮಂಡಲಿಯ ಹೆಸರಿನಲ್ಲಿಯೇ ಬೇರೆ ವಿಮೆ ಮಾಡಿಸುವುದು ಸ್ನೇಹವನ್ನೂ ಉಳಿಸುತ್ತದೆ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದು. ಇಂದೇ ವಾದ್ಯದ ನಾಲ್ಕು ಕಡೆಯ ಚಿತ್ರಗಳನ್ನು ತೆಗೆದು, ತಯಾರಿಸಿದವರ ಹೆಸರು, ಕೊಂಡ ವರ್ಷ, ರಿಪೇರಿಯ ಗುರುತುಗಳನ್ನು ಬರೆದು, ರಸೀತಿಯ ಪ್ರತಿಯೊಡನೆ ಬೇರೆ ಊರಿನ ನಂಟರಿಗೂ ಒಂದು ಪ್ರತಿ ಕಳುಹಿಸಿರಿ. ನೆರೆಯು ವಾದ್ಯವನ್ನೂ ಕಾಗದವನ್ನೂ ಒಟ್ಟಿಗೆ ಒಯ್ಯಬಾರದಷ್ಟೆ. ನಷ್ಟವಾದ ಕೂಡಲೇ ಕಂಪನಿಗೆ ತಿಳಿಸಿರಿ. ಕಳವಾದರೆ ಪೊಲೀಸರಿಗೂ ದೂರು ಕೊಡಿರಿ. ಸರ್ವೆಯರು ನೋಡುವ ಮೊದಲು ಮುರಿದುದನ್ನು ಬಿಸಾಡಬೇಡಿರಿ, ರಿಪೇರಿಗೂ ಕೊಡಬೇಡಿರಿ. ನ್ಯಾಯ ದೊರೆಯಲಿಲ್ಲವೆಂದು ತೋರಿದರೆ ಮೊದಲು ಕಂಪನಿಗೆ ಬರೆದು ದೂರಿರಿ. ಒಂದು ತಿಂಗಳಲ್ಲಿ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿಮಾ ಒಂಬಡ್ಸ್‌ಮನ್ನರ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಡ.

ಹಣದಿಂದ ಅಜ್ಜಿಯ ವೀಣೆಯ ನಾದವು ಮರಳಿ ಬಾರದು, ನಿಜ. ಆದರೆ ಮೇಷ್ಟ್ರಿಗೆ ಮುಂದಿನ ನಾಟಕಕ್ಕೆ ಹಾರ್ಮೋನಿಯಂ ಬರಬಹುದು. ಮಗಳ ಸಂಗೀತದ ಪಾಠ ನಿಲ್ಲದಿರಬಹುದು. ಅಷ್ಟಕ್ಕಾಗಿ ಒಂದು ಸಂಜೆ ವಿಮಾಪತ್ರವನ್ನು ಓದಿ, ವಾದ್ಯದ ಹೆಸರನ್ನು ಅದರಲ್ಲಿ ಬರೆಯಿಸುವ ಶ್ರಮವು ಹೆಚ್ಚಲ್ಲವೆಂದು ನಮ್ಮ ಅಭಿಪ್ರಾಯ.