ಫ್ಲ್ಯಾಟಿನ ಮಕ್ಕಳಿಗೆ ಹಳ್ಳಿಯೂ ಬೇಕು

ಬೆಳ್ತಂಗಡಿ, ಪುತ್ತೂರು, ಬಂಟ್ವಾಳದ ಹಳ್ಳಿಗಳಿಂದ ಬಂದ ನಮ್ಮ ಎಷ್ಟೋ ಕುಟುಂಬಗಳು ಈಗ ಮಂಗಳೂರಿನ ಫ್ಲ್ಯಾಟ್‌ಗಳಲ್ಲಿವೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲವೂ ಪೇಟೆಯಲ್ಲೇ ಉಂಟು. ನಡುರಾತ್ರಿ ಹೆರಿಗೆ ನೋವು ಬಂದರೆ ಹಳ್ಳಿಯಲ್ಲಿ ಪಡುವ ಪಾಡು ಅಲ್ಲಿದ್ದವರಿಗೇ ಗೊತ್ತು. ಪ್ರವಾದಿ(ಸ)ಯವರು ಹಿಜ್‌ರತ್ ಹೋದ ಯಸ್ರಿಬ್‌ಗೆ ಬಂದ ಹೆಸರೇ ಮದೀನಾ, ಅಂದರೆ ಪಟ್ಟಣ.

ಆದರೆ ಅದೇ ಪ್ರವಾದಿಯವರ ಬಾಲ್ಯವನ್ನು ನೋಡಿ. ಮಕ್ಕಾ ಆಗಲೇ ವ್ಯಾಪಾರದ ಪೇಟೆ. ಅಲ್ಲಿನ ಮನೆತನಗಳು ಹಸುಳೆಗಳನ್ನು ಮರುಭೂಮಿಯ ಗೋತ್ರಗಳಿಗೆ ಒಪ್ಪಿಸುತ್ತಿದ್ದವು. ಒಳ್ಳೆಯ ಗಾಳಿ ಸಿಗಲಿ, ಶುದ್ಧ ಅರಬಿ ನಾಲಗೆಗೆ ಬರಲಿ ಎಂದು. ಹಾಗೆ ಬನೂ ಸಅದ್ ಗೋತ್ರದ ಹಲೀಮಾ(ರ) ಅವರನ್ನು ಬಯಲಿನಲ್ಲಿ ಹಾಲೂಡಿಸಿ ಸಾಕಿದರು.

ಮದ್ರಸಕ್ಕೆ ಬರುವ ಪೇಟೆಯ ಕೆಲವು ಮಕ್ಕಳು ಬ್ಯಾರಿ ಭಾಷೆಯಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರಿಸುತ್ತಾರೆ. ನೆರೆಯವರ ಹಕ್ಕಿನ ಪಾಠದ ದಿನ ಎದುರು ಬಾಗಿಲಿನವರ ಹೆಸರು ಕೇಳಿದೆವು. ಹಲವರಿಗೆ ಗೊತ್ತೇ ಇಲ್ಲ. ಸೂರಃ ಅನ್ನಿಸಾದ 36ನೇ ಆಯತ್ ಹತ್ತಿರದ ನೆರೆಯವರಿಗೂ ದೂರದ ನೆರೆಯವರಿಗೂ ಒಳಿತು ಮಾಡಲು ಹೇಳುತ್ತದೆ. ಹೆಸರೇ ಗೊತ್ತಿಲ್ಲದವರಿಗೆ ಎಂತ ಒಳಿತು ಮಾಡುವುದು? ಹಳ್ಳಿಯಲ್ಲಿ ಮನೆ ತೋಟದಾಚೆ ಇದ್ದರೂ ಜ್ವರ ಬಂದವರಿಗೆ ಗಂಜಿ ತರುವವರಿದ್ದಾರೆ.

ಹಾಗಾಗಿ ಬೇಸಿಗೆ ರಜೆಗೆ ಟ್ಯೂಷನ್, ಕ್ಯಾಂಪ್ ಅಂತ ಹುಡುಕಬೇಡಿ. ಹದಿನೈದು ದಿನ ಅಜ್ಜಿಮನೆಗೆ ಬಿಡಿ. ಗುಡ್ಡ ಹತ್ತಲಿ, ಕಾಲಿಗೆ ಮಣ್ಣಾಗಲಿ, ಬ್ಯಾರಿ ಭಾಷೆ ಬಾಯಿಗೆ ಬರಲಿ. ವಾಪಸ್ ಬಂದ ದಿನ ಊರಿನ ಹಲಸಿನಹಣ್ಣು ಎದುರು ಬಾಗಿಲಿಗೆ ಮಗುವಿನ ಕೈಯಲ್ಲೇ ಕಳಿಸಿ. ಹೆಸರು ಕೇಳಿಕೊಂಡು ಬರಲಿ.